ಥಿಂಕ್‌ಪ್ಯಾಡ್ ಎಕ್ಸ್220: 8 ಜಿಬಿ ಎಂದಿದ್ದ ಕಡೆ 16 ಹಾಕಿ ವರ್ಷಗಳಾದ ಮೇಲೆ

ಥಿಂಕ್‌ಪ್ಯಾಡ್ ಎಕ್ಸ್220 ಎಂಬ ಲ್ಯಾಪ್‌ಟಾಪಿಗೆ ಎಷ್ಟು ರ‍್ಯಾಮ್ ಹಾಕಬಹುದು ಎಂದು ವಿಚಾರಿಸಿದರೆ ಎರಡು ಉತ್ತರ ಸಿಗುತ್ತದೆ. 2011ರಲ್ಲಿ ಲೆನೊವೊ ತನ್ನ ವಿವರಪಟ್ಟಿಯಲ್ಲಿ ಬರೆದದ್ದು ಗರಿಷ್ಠ 8 ಜಿಬಿ. ಒಳಗಿರುವ ಎರಡನೇ ತಲೆಮಾರಿನ ಕೋರ್ ಐ5 ಪ್ರೊಸೆಸರ್‌ಗೆ ಇಂಟೆಲ್ ಹೇಳುವುದು 16. ನನ್ನದರಲ್ಲಿ ವರ್ಷಗಳಿಂದ ಎರಡು 8 ಜಿಬಿ ರ‍್ಯಾಮ್ ಪಟ್ಟಿಗಳು, ಅಂದರೆ ಮಾಡ್ಯೂಲ್‌ಗಳಿವೆ, ಹಾಗಾಗಿ ನಾನು ಇಂಟೆಲ್ ಪಕ್ಷ. ಆ ಕಾಲದಲ್ಲಿ ಲ್ಯಾಪ್‌ಟಾಪಿನ 8 ಜಿಬಿ ಮಾಡ್ಯೂಲ್ ಅಪರೂಪ. ಎರಡು ಸ್ಲಾಟಿಗೆ ನಾಲ್ಕು ನಾಲ್ಕು ಎಂದು ಲೆಕ್ಕ ಹಾಕಿ ಬರೆದಂತೆ ಕಾಣುತ್ತದೆ. 16ರಾಚೆ ಮಾತ್ರ ದಾರಿಯಿಲ್ಲ. 16 ಜಿಬಿಯ ಡಿಡಿಆರ್3 (ಈ ಯಂತ್ರ ಬಳಸುವ ಬಗೆಯ ರ‍್ಯಾಮ್) ಮಾಡ್ಯೂಲಿನಲ್ಲಿರುವ 8 ಗಿಗಾಬಿಟ್ ಚಿಪ್‌ಗಳು ಈ ಪ್ರೊಸೆಸರ್‌ಗೆ ಅರ್ಥವಾಗುವುದಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಾಗ ಇದರಲ್ಲಿದ್ದದ್ದು 4 ಜಿಬಿ ಮತ್ತು 32 ಬಿಟ್ ವಿಂಡೋಸ್ 7. ಆ ನಾಲ್ಕೂ ಕೈಗೆ ಸಿಗುತ್ತಿರಲಿಲ್ಲ. 32 ಬಿಟ್ ವಿಳಾಸಗಳು ಎಣಿಸಬಲ್ಲದ್ದೇ 4 ಜಿಬಿ, ಅದರಲ್ಲೂ ಗ್ರಾಫಿಕ್ಸ್ ಮತ್ತಿತರ ಭಾಗಗಳಿಗೆ ಒಂದು ಪಾಲು ಮೀಸಲು. ಆದ್ದರಿಂದ ರ‍್ಯಾಮ್‌ಗೆ ದುಡ್ಡು ಕೊಡುವ ಮೊದಲು 64 ಬಿಟ್ ವ್ಯವಸ್ಥೆ ಹಾಕಿಸಬೇಕು. ಅಲ್ಲಿಯೂ ಒಂದು ಕೊಕ್ಕೆ ಇದೆ: ವಿಂಡೋಸ್ 7ರ 64 ಬಿಟ್ ಹೋಮ್ ಬೇಸಿಕ್ ಆವೃತ್ತಿ 8 ಜಿಬಿಗೇ ನಿಲ್ಲುತ್ತದೆ, ಹೋಮ್ ಪ್ರೀಮಿಯಂ 16ಕ್ಕೆ. ಯಂತ್ರ ಒಪ್ಪಿದರೂ ಪರವಾನಗಿ ಒಪ್ಪದು.

"ಎಂಟರ ಮೇಲೆ ಹಾಕಿದರೆ ಬೋರ್ಡ್ ಹೋಗುತ್ತದೆ ಸರ್" ಎಂದು ಅಂಗಡಿಯವರು ಹೆದರಿಸಿದ್ದರು. ಬೋರ್ಡ್ ಹೋಗಲಿಲ್ಲ. ಆದರೆ ಅವರೇ ಕೊಟ್ಟ ಎರಡು ಮಾಡ್ಯೂಲ್‌ಗಳಲ್ಲಿ ಒಂದು ಮೆಮ್‌ಟೆಸ್ಟ್86+ ಎಂಬ ರ‍್ಯಾಮ್ ಪರೀಕ್ಷೆಯಲ್ಲಿ ದೋಷ ತೋರಿಸುವ ಕೆಂಪು ಸಾಲುಗಳನ್ನು ಸುರಿಸಿತು. ಬದಲಿಸಿ ಕೊಟ್ಟರು, ಗೊಣಗಿಕೊಂಡೇ. ಹಳೆಯ ಮಾಡ್ಯೂಲ್ ಕೊಂಡ ಮೇಲೆ ಒಂದು ರಾತ್ರಿಯಿಡೀ ಈ ಪರೀಕ್ಷೆ ಓಡಿಸಿದ ಮೇಲೆಯೇ ಅಂಗಡಿಯ ಬಿಲ್ ಬಿಸಾಡಿ.

ನಾಲ್ಕರಿಂದ ಎಂಟಕ್ಕೆ ಹೋದಾಗ ಕಂಡ ವ್ಯತ್ಯಾಸ ದೊಡ್ಡದು: ಬ್ರೌಸರಿನಲ್ಲಿ ಹತ್ತಾರು ಟ್ಯಾಬ್ ತೆರೆದರೂ ರ‍್ಯಾಮ್ ಸಾಲದೆ ಡಿಸ್ಕಿನ ದೀಪ ಮಿನುಗುವುದು ನಿಂತಿತು. ಎಂಟರಿಂದ ಹದಿನಾರಕ್ಕೆ ಹೋದ ಲಾಭ, ವರ್ಚುವಲ್ ಮೆಷಿನ್ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರಿನಂತೆ ಓಡುವ ತಂತ್ರಾಂಶ) ಓಡಿಸುವ ದಿನಗಳನ್ನು ಬಿಟ್ಟರೆ, ನನಗೆ ಕಂಡದ್ದು ಕಡಿಮೆ. ಮೇಲಾಗಿ ವಿಂಡೋಸ್ 7 ಹೈಬರ್ನೇಷನ್ ಕಡತಕ್ಕೆ (ಯಂತ್ರ ಮಲಗುವಾಗ ರ‍್ಯಾಮಿನಲ್ಲಿರುವುದನ್ನು ಉಳಿಸುವ ಕಡತ) ರ‍್ಯಾಮಿನ ಮುಕ್ಕಾಲು ಪಾಲಿನಷ್ಟು ಜಾಗ ಹಿಡಿದಿಡುತ್ತದೆ. 120 ಜಿಬಿಯ ವೇಗದ ಡಿಸ್ಕಾದ ಎಸ್‌ಎಸ್‌ಡಿಯಲ್ಲಿ 12 ಜಿಬಿ ಹಾಗೆಯೇ ಹೋಯಿತು. ಒಂದೇ 8 ಜಿಬಿ ಮಾಡ್ಯೂಲಿಗಿಂತ ಎರಡು ನಾಲ್ಕರ ಜೋಡಿ ಮೇಲು. ಪ್ರತ್ಯೇಕ ಮೆಮೊರಿಯಿಲ್ಲದ ಎಚ್‌ಡಿ 3000 ಗ್ರಾಫಿಕ್ಸ್ ಇದೇ ರ‍್ಯಾಮನ್ನು ಬಳಸುತ್ತದೆ, ಮೆಮೊರಿಗೆ ಎರಡು ದಾರಿ (ಚಾನೆಲ್) ಸಿಕ್ಕಿದರೆ ಅದಕ್ಕೆ ಉಸಿರಾಡಲು ಜಾಗ.

ಈಗ ಇದರಲ್ಲಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಇದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರಿನಲ್ಲಿ ಮುಗಿಯಿತು, 11 ಈ ಪ್ರೊಸೆಸರನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಬರೆಯುವ ಕೆಲಸಕ್ಕೆ ಇದರ ಏಳು ಸಾಲಿನ ಕೀಲಿಮಣೆಯನ್ನು ಬಿಟ್ಟುಕೊಡುವ ಮನಸ್ಸಿಲ್ಲ. ಯೂಟ್ಯೂಬ್ ಮಾತ್ರ ಕಾಡುತ್ತದೆ: ವಿಪಿ9 ಎಂಬ ವಿಧಾನದಲ್ಲಿ ಕುಗ್ಗಿಸಿದ ವಿಡಿಯೋಗಳನ್ನು ಬಿಡಿಸುವ ಶಕ್ತಿ ಈ ಗ್ರಾಫಿಕ್ಸ್‌ಗೆ ಇಲ್ಲ, ಭಾರವೆಲ್ಲ ಪ್ರೊಸೆಸರ್ ಮೇಲೆ ಬಿದ್ದು ಫ್ಯಾನ್ ಅಬ್ಬರಿಸುತ್ತದೆ. ಅದಕ್ಕೆ ರ‍್ಯಾಮ್ ಎಷ್ಟಿದ್ದರೂ ಪ್ರಯೋಜನವಿಲ್ಲ.

ಕೊಳ್ಳುವವರು ಡಿಡಿಆರ್3 ಕೇಳಿ, 1.35 ವೋಲ್ಟಿನ ಡಿಡಿಆರ್3ಎಲ್ ಕೂಡ ನಡೆಯುತ್ತದೆ, ಡಿಡಿಆರ್4 ಸ್ಲಾಟಿನಲ್ಲಿ ಕೂರುವುದೇ ಇಲ್ಲ. ಎಂಟಕ್ಕೆ ನಿಲ್ಲಿಸಿ, ಉಳಿದ ಹಣದಲ್ಲಿ ಎಸ್‌ಎಸ್‌ಡಿ ತೆಗೆದುಕೊಳ್ಳಿ. ಅದು 7 ಮಿಲಿಮೀಟರ್ ದಪ್ಪದ್ದೇ ಆಗಿರಲಿ, 9.5ರದ್ದು ಈ ಮಾದರಿಯೊಳಗೆ ಹೋಗುವುದಿಲ್ಲ.