ಮಣ್ಣಿನ ಕುಂಡಗಳ ಕರಕುಶಲ ಸೆಟ್: ಕುಂಡಕ್ಕೆ ಪೂರ್ಣ ಅಂಕ, ಬಣ್ಣಕ್ಕಲ್ಲ

ಮೈಸೂರಿನ ಹೊರವಲಯದ ನರ್ಸರಿಯೊಂದು ತೋಟದ ಕರಕುಶಲ ಸೆಟ್ ಎಂಬ ಹೆಸರಿನಲ್ಲಿ ಮಣ್ಣಿನ ಕುಂಡಗಳ ಕಟ್ಟೊಂದನ್ನು ಮಾರುತ್ತಿದೆ. ಅದರಲ್ಲಿ 4 ಇಂಚಿನಿಂದ 12 ಇಂಚಿನವರೆಗಿನ ಕುಂಡಗಳು, ಅವಕ್ಕೆ ಹೊಂದುವ ತಟ್ಟೆಗಳು, ಒಂದು ಕಬ್ಬಿಣದ ಸರಳು, ಅಕ್ರಿಲಿಕ್ ಬಣ್ಣದ ಶೀಶೆಗಳು, ಸೆಣಬಿನ ಹಗ್ಗ, ಅಂಟು ಮತ್ತು ಚಿತ್ರಗಳಿರುವ ಕೈಪಿಡಿ ಇರುತ್ತವೆ. ಕುಂಡಗಳ ಗೋಪುರ, ಹಕ್ಕಿಗಳಿಗೆ ನೀರಿಡುವ ಪೀಠ, ಗಾಳಿಗಂಟೆ, ಒಡೆದ ಕುಂಡದ ಪುಟ್ಟ ತೋಟ ಇವಿಷ್ಟನ್ನೂ ಮನೆಯಲ್ಲೇ ಮಾಡಿಕೊಳ್ಳಬಹುದು ಎಂಬುದು ಅವರ ಭರವಸೆ. ನಮ್ಮ ತಾರಸಿಯಲ್ಲಿ ಇವೆಲ್ಲ ಒಂದು ಬೇಸಿಗೆಯನ್ನೂ ಒಂದು ಮಳೆಗಾಲವನ್ನೂ ಕಂಡಿರುವುದರಿಂದ ಈಗ ಧೈರ್ಯವಾಗಿ ಹೇಳಬಲ್ಲೆ: ಕುಂಡಗಳು ಉತ್ತಮವಾಗಿವೆ, ಅವುಗಳ ಜೊತೆಗೆ ಕೊಟ್ಟಿರುವ ಸಾಮಾನನ್ನು ಆರಿಸಿದವರು ಮಾತ್ರ ಮಣ್ಣಿನ ಸ್ವಭಾವವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಕುಂಡದ ಗುಣವನ್ನು ಕಿವಿಯಿಂದಲೇ ಅಳೆಯಬಹುದು. ಬೆರಳಿನ ಗೆಣ್ಣಿನಿಂದ ತಟ್ಟಿದಾಗ ಆವಿಗೆಯಲ್ಲಿ ಚೆನ್ನಾಗಿ ಬೆಂದದ್ದು ಠಣ್ಣೆನ್ನುತ್ತದೆ, ಸೀಳು ಬಿಟ್ಟದ್ದು ಅಥವಾ ಅರೆಬೆಂದದ್ದು ಬೊದ್ದು ಸದ್ದು ಕೊಡುತ್ತದೆ. ಈ ಸೆಟ್ಟಿನ ಕುಂಡಗಳೆಲ್ಲ ಮೊದಲ ಬಗೆಯವು. ಅಂಚು ದಪ್ಪವಾಗಿದೆ, ತಳದ ತೂತು ನಡುಮಧ್ಯದಲ್ಲಿದೆ, ತಟ್ಟೆಗಳು ಸಮತಟ್ಟಾಗಿವೆ. ಹೊಸ ಕುಂಡವನ್ನು ಗಿಡ ನೆಡುವ ಮೊದಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಡಬೇಕು, ಇಲ್ಲವಾದರೆ ಒಣಗಿದ ಗೋಡೆ ಗಿಡಕ್ಕೆ ಹಾಕಿದ ನೀರನ್ನು ತಾನೇ ಹೀರಿಕೊಳ್ಳುತ್ತದೆ. ಕೈಪಿಡಿಯಲ್ಲಿ ಈ ಮಾತೇ ಇಲ್ಲ.

ಸೆಟ್ಟಿನ ಹಿರಿಮೆ ಇರುವುದು ಗೋಪುರದಲ್ಲಿ. ಎಲ್ಲಕ್ಕಿಂತ ದೊಡ್ಡ ಕುಂಡದ ನಡುವೆ ಸರಳನ್ನು ನೆಟ್ಟು, ಸುತ್ತ ಜಲ್ಲಿ ಮತ್ತು ಮಣ್ಣು ತುಂಬಿ ಬಿಗಿಗೊಳಿಸಿ, ಉಳಿದ ಕುಂಡಗಳನ್ನು ತಳದ ತೂತಿನ ಮೂಲಕ ಒಂದೊಂದಾಗಿ ಪೋಣಿಸುತ್ತಾ, ಒಂದನ್ನು ಎಡಕ್ಕೂ ಮತ್ತೊಂದನ್ನು ಬಲಕ್ಕೂ ವಾಲಿಸಿದರೆ, ಈಗಲೋ ಆಗಲೋ ಬೀಳುವಂತೆ ಕಂಡರೂ ಬೀಳದ ಸಾಲೊಂದು ನಿಲ್ಲುತ್ತದೆ. ಇದು ನೋಟಕ್ಕಷ್ಟೇ ಅಲ್ಲ, ನೀರಿನ ದೃಷ್ಟಿಯಿಂದಲೂ ಜಾಣತನದ ಕೆಲಸ. ಮೇಲಿನ ಕುಂಡದಿಂದ ಬಸಿದದ್ದು ಕೆಳಗಿನದಕ್ಕೆ ಇಳಿಯುವುದರಿಂದ ಬೇಗ ಒಣಗುವ ತುದಿಯಲ್ಲಿ ಲೋಳೆಸರ, ನಡುವೆ ಟೇಬಲ್ ರೋಸ್ ಮತ್ತು ದೊಡ್ಡಪತ್ರೆ, ಬುಡದಲ್ಲಿ ಸದಾ ತೇವ ಬಯಸುವ ಪುದಿನ ಹೀಗೆ ಹಂಚಿಕೊಳ್ಳಬಹುದು. ಬರೀ ತೋಟದ ಮಣ್ಣು ತುಂಬಿದರೆ ಭಾರ ಹೆಚ್ಚುತ್ತದೆ, ಆದ್ದರಿಂದ ತೆಂಗಿನ ನಾರಿನ ಪುಡಿಯನ್ನೂ ಗೊಬ್ಬರವನ್ನೂ ಧಾರಾಳವಾಗಿ ಬೆರೆಸಬೇಕು. ಆಷಾಢದ ಗಾಳಿಗೆ ನಮ್ಮ ಗೋಪುರ ಅಲುಗಲಿಲ್ಲ. ಸರಳಿನ ಉದ್ದವನ್ನೂ ದಪ್ಪವನ್ನೂ ಲೆಕ್ಕ ಹಾಕಿ ಕೊಟ್ಟವರಿಗೆ ಮೆಚ್ಚುಗೆ ಸಲ್ಲಬೇಕು.

ಹಕ್ಕಿಗಳ ಪೀಠವೂ ಚೆನ್ನಾಗಿದೆ. ಕುಂಡಗಳನ್ನು ಬೋರಲು ಹಾಕಿ, ಒಂದರ ಮೇಲೊಂದಿಟ್ಟು, ತುದಿಯಲ್ಲಿ ಅಗಲ ತಟ್ಟೆ ಕೂರಿಸಿದರೆ ಆಯಿತು. ಗುಬ್ಬಚ್ಚಿಯಂಥ ಸಣ್ಣ ಹಕ್ಕಿಗೆ 2 ಇಂಚಿಗಿಂತ ಹೆಚ್ಚು ಆಳ ಬೇಡ, ಕಾಲೂರಲು ನಾಲ್ಕಾರು ಬೆಣಚುಕಲ್ಲುಗಳಿದ್ದರೆ ಅನುಕೂಲ. ಆದರೆ ನಿಂತ ನೀರು ಡೆಂಗ್ಯೂ ಹರಡುವ ಸೊಳ್ಳೆಗೂ ಪ್ರಿಯವಾದದ್ದು. ಅದರ ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕಾಗುವುದರಿಂದ, ವಾರಕ್ಕೆ ಎರಡು ಬಾರಿಯಾದರೂ ನೀರು ಚೆಲ್ಲಿ ತಟ್ಟೆಯನ್ನು ಉಜ್ಜಿ ತೊಳೆಯಬೇಕು. ಸೆಟ್ಟಿನ ಅಂಟನ್ನು ಇಲ್ಲಿ ಬಳಸದಿರುವುದೇ ಮೇಲು. ಏಪ್ರಿಲ್ ಬಿಸಿಲಿಗೆ ಅದು ಮೆತ್ತಗಾಗುತ್ತದೆ, ಅಲ್ಲದೆ ತೊಳೆಯಲು ತಟ್ಟೆಯನ್ನು ಎತ್ತುವಂತಿರಬೇಕು.

ಇನ್ನು ಬಣ್ಣದ ವಿಚಾರ. ಕೈಪಿಡಿಯ ಅರ್ಧ ಭಾಗ ಇದಕ್ಕೇ ಮೀಸಲು, ಬೆಲೆಯ ಒಂದು ದೊಡ್ಡ ಪಾಲೂ ಇದಕ್ಕೇ ಹೋಗಿರುವಂತೆ ಕಾಣುತ್ತದೆ. ಸುಟ್ಟ ಜೇಡಿಮಣ್ಣಿನ ಗೋಡೆಯ ತುಂಬ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಒಳಗಿನ ತೇವ ಅವುಗಳ ಮೂಲಕ ಹೊರಬಂದು ಆವಿಯಾಗುತ್ತದೆ, ಬೇಸಿಗೆಯಲ್ಲಿ ಬೇರು ತಂಪಾಗಿರುವುದು ಇದರಿಂದಲೇ. ಹೊರಮೈಗೆ ಅಕ್ರಿಲಿಕ್ ಬಳಿದಾಗ ಆ ತೇವ ಬಣ್ಣದ ಪೊರೆಯ ಹಿಂದೆ ನಿಂತು, ಅದನ್ನು ಗುಳ್ಳೆಗುಳ್ಳೆಯಾಗಿ ಎಬ್ಬಿಸಿ, ಕೊನೆಗೆ ಹಕ್ಕಳೆಯಾಗಿ ಉದುರಿಸುತ್ತದೆ. ಕೊಳವೆಬಾವಿಯ ಗಡಸು ನೀರು ಹಾಕುವ ಮನೆಗಳಲ್ಲಿ ಉಪ್ಪಿನ ಬಿಳಿ ಕಲೆಯೂ ಸೇರಿಕೊಂಡು ಬಣ್ಣ ಇನ್ನೂ ಬೇಗ ಬಿಡುತ್ತದೆ. ನಮ್ಮಲ್ಲಿ ಮಳೆಗಾಲ ಮುಗಿಯುವ ಮೊದಲೇ ಗೋಪುರದ ನೀಲಿ ಬಣ್ಣ ತೇಪೆತೇಪೆಯಾಗಿತ್ತು. ಬಣ್ಣ ಉಳಿಯಬೇಕಾದರೆ ಒಳಮೈಗೆ ನೀರು ತಡೆಯುವ ಲೇಪ ಬೇಕು. ಹಾಗೆ ಬಳಿದರೆ ಮಣ್ಣಿನ ಕುಂಡಕ್ಕೂ ಪ್ಲಾಸ್ಟಿಕ್ ಕುಂಡಕ್ಕೂ ಗಿಡದ ಪಾಲಿಗೆ ವ್ಯತ್ಯಾಸ ಉಳಿಯುವುದಿಲ್ಲ. ತುಳಸಿಕಟ್ಟೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿಯುತ್ತಿದ್ದ ನಮ್ಮ ಹಿರಿಯರ ಪದ್ಧತಿ ಈ ಕೆಲಸಕ್ಕೆ ಹೆಚ್ಚು ಒಗ್ಗುತ್ತದೆ. ಅದು ತೇವವನ್ನು ಕಟ್ಟಿಹಾಕುವುದಿಲ್ಲ, ಮಾಸಿದರೆ ಹಬ್ಬಕ್ಕೊಮ್ಮೆ ಮತ್ತೆ ಬಳಿದರಾಯಿತು.

ಗಾಳಿಗಂಟೆಯ ಬಗ್ಗೆ ಹೇಳುವುದು ಕಡಿಮೆ: ಸದ್ದು ಇಂಪಾಗಿದೆ, ಸೆಣಬಿನ ಹಗ್ಗ ಮಳೆಗೆ ಕೊಳೆಯುತ್ತದೆ, ನೈಲಾನ್ ದಾರ ಹಾಕಿಕೊಳ್ಳಿ. ಹಿಮ ಬೀಳುವ ಮೊದಲು ಕುಂಡಗಳನ್ನು ಒಳಗಿಡಿ ಎಂಬ ಸೂಚನೆಯೊಂದು ಕೈಪಿಡಿಯಲ್ಲಿದೆ. ರಂಧ್ರಗಳಲ್ಲಿನ ನೀರು ಹೆಪ್ಪುಗಟ್ಟಿದರೆ ಕುಂಡ ಸೀಳುತ್ತದೆಂಬುದು ನಿಜವೇ, ಆದರೆ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಆ ಭಯ ಯಾರಿಗೂ ಇರಲಾರದು.

ಒಡೆದ ಕುಂಡದ ತೋಟ ಮಕ್ಕಳಿಗೆ ಎಲ್ಲಕ್ಕಿಂತ ಹಿಡಿಸಿತು. ಚೂರುಗಳನ್ನು ಮೆಟ್ಟಿಲಿನಂತೆ ಮಣ್ಣಿನಲ್ಲಿ ಸಿಕ್ಕಿಸಿ, ನಡುನಡುವೆ ಸಣ್ಣ ಗಿಡಗಳನ್ನು ನೆಡುವುದು ಇದರ ಕ್ರಮ. ದಸರೆಗೆ ಗೊಂಬೆ ಕೂರಿಸುವವರು ರಾಗಿ ಚೆಲ್ಲಿ ಪೈರು ಬರಿಸಿ ಪಾರ್ಕ್ ಮಾಡುತ್ತಾರಲ್ಲ, ಅಲ್ಲಿಗೆ ಇದು ಸೊಗಸಾಗಿ ಒಪ್ಪುತ್ತದೆ. ತೋಟವನ್ನು ಮನೆಯೊಳಗಿಟ್ಟಾಗ ಮಾತ್ರ ಚನ್ನಪಟ್ಟಣದ ಮರದ ಗೊಂಬೆಗಳನ್ನು ಬಳಸಿ, ಅರಗಿನ ಮೆರುಗು ನೀರಿಗೆ ನಿಲ್ಲುವುದಿಲ್ಲ.

ಸೆಟ್ಟಿನಲ್ಲಿ ಇರಲೇಬೇಕಾಗಿದ್ದ ಒಂದು ವಸ್ತು ಇಲ್ಲ: ಗಿಡದ ಪಕ್ಕದಲ್ಲಿ ಕತ್ತಿನವರೆಗೆ ಹೂಳುವ ಕಿರಿಬಾಯಿಯ ಕುಡಿಕೆ. ಅದರಲ್ಲಿ ನೀರು ತುಂಬಿ ಮುಚ್ಚಳ ಹಾಕಿದರೆ, ಸುತ್ತಲಿನ ಮಣ್ಣು ಒಣಗಿದಂತೆಲ್ಲ ನೀರು ಗೋಡೆಯಿಂದ ಜಿನುಗುತ್ತದೆ. ಊರಿಗೆ ಹೋಗುವವರಿಗೆ ಇದಕ್ಕಿಂತ ಉಪಕಾರಿಯಾದ ಮಣ್ಣಿನ ಕೆಲಸ ಬೇರೊಂದಿಲ್ಲ.

ಇಂಥವೇ ಕುಂಡ, ತಟ್ಟೆಗಳನ್ನು ಬಿಡಿಯಾಗಿ ಕೊಂಡರೆ, ಸರಳಿನ ಖರ್ಚು ಸೇರಿಯೂ ಸೆಟ್ಟಿನ ಸುಮಾರು ಅರ್ಧ ಬೆಲೆಯಲ್ಲಿ ಕೆಲಸ ಮುಗಿಯುತ್ತದೆ. ತಟ್ಟಿ ನೋಡಿ ಆರಿಸುವ ಅವಕಾಶವೂ ಸಿಗುತ್ತದೆ. ಆದರೂ ನರ್ಸರಿಯವರ ನಡವಳಿಕೆ ಒಳ್ಳೆಯದೆಂದು ಹೇಳಲೇಬೇಕು. ಸಾಗಣೆಯಲ್ಲಿ ಒಡೆದ ತಟ್ಟೆಯನ್ನು ಮರುಮಾತಿಲ್ಲದೆ ಬದಲಿಸಿಕೊಟ್ಟರು. ಬಣ್ಣ, ಅಂಟು ಬಿಟ್ಟು ಬರೀ ಕುಂಡ, ತಟ್ಟೆ, ಸರಳಿನ ಕಟ್ಟು ಕೊಡಬಹುದೇ ಎಂದು ವಿಚಾರಿಸಿದಾಗ, “ಕೇಳೋರಿದ್ರೆ ಕಟ್ಟಿಸಿ ಇಡ್ತೀವಿ ಮೇಡಂ” ಎಂದರು. ಕೊಳ್ಳುವವರು ಅದನ್ನೇ ಕೇಳಿ ಕೊಳ್ಳಲಿ.