ಜೊಟೆರೊ ಜೊತೆ ಆರು ವರ್ಷ: ಯಾರು ಈ ‘ಆರ್ಗನೈಸೇಶನ್’?

ಪಿಎಚ್‌ಡಿ ಕರಡಿನ ಕೊನೆಯ ಪುಟಗಳನ್ನು ತಿರುವುತ್ತಿದ್ದ ನನ್ನ ಗೈಡ್ ಒಂದು ಕಡೆ ಬೆರಳಿಟ್ಟು ಕೇಳಿದರು. ‘ಯಾರ್ರೀ ಇವರು, ಆರ್ಗನೈಸೇಶನ್ ಡಬ್ಲ್ಯೂ. ಎಚ್. ಅನ್ನೋರು? ಯಾವ ಊರಿನ ಪ್ರೊಫೆಸರು?’

ಬಗ್ಗಿ ನೋಡಿದೆ. ವರ್ಲ್ಡ್ ಹೆಲ್ತ್ ಆರ್ಗನೈಸೇಶನ್! ಕೊನೆಯ ಪದ ಅಡ್ಡಹೆಸರಾಗಿ ಮುಂದೆ ಬಂದಿತ್ತು, ಮೊದಲ ಎರಡು ಪದಗಳು ಇನಿಶಿಯಲ್ ಆಗಿ ಮುದುಡಿಕೊಂಡಿದ್ದವು. ‘ಡಬ್ಲ್ಯೂ’ ಅಕ್ಷರದ ಸಾಲಿನಲ್ಲಿ ಇರಬೇಕಾದ ಸಂಸ್ಥೆ ‘ಓ’ ಅಕ್ಷರದ ಸಾಲಿನಲ್ಲಿ ಆರಾಮವಾಗಿ ಕೂತಿತ್ತು. ಗೈಡ್ ನಕ್ಕರು. ನನಗೆ ನಗು ಬರಲಿಲ್ಲ.

ಆ ಪಟ್ಟಿ ಮಾಡಿಕೊಟ್ಟಿದ್ದು ಜೊಟೆರೊ, ಓದಿದ ಲೇಖನ, ಪುಸ್ತಕಗಳ ವಿವರ ಕೂಡಿಟ್ಟು ವರ್ಡ್‌ನಲ್ಲಿ ಉಲ್ಲೇಖಗಳನ್ನೂ ಕೊನೆಯ ಪಟ್ಟಿಯನ್ನೂ ಜೋಡಿಸಿಕೊಡುವ ತಂತ್ರಾಂಶ. ಹೇಗೆ ಇನ್‌ಸ್ಟಾಲ್ ಮಾಡುವುದು ಅನ್ನುವುದೆಲ್ಲ ಎಲ್ಲ ಕಡೆ ಸಿಗುತ್ತದೆ, ಅದನ್ನು ಬಿಟ್ಟುಬಿಡೋಣ. ನಾನು ಇದಕ್ಕೆ ಬಂದಿದ್ದು ಪುಕ್ಕಟೆ ಅನ್ನುವ ಒಂದೇ ಕಾರಣಕ್ಕೆ. ಆನ್‌ಲೈನ್‌ನಲ್ಲಿ 300 ಎಂಬಿ ಜಾಗ ಕೊಡುತ್ತಾರೆ. ಪಿಡಿಎಫ್ ಸೇರಿಸುತ್ತಾ ಹೋದರೆ ಬೇಗ ತುಂಬುತ್ತದೆ. ಹೆಚ್ಚಿನ ಜಾಗಕ್ಕೆ ದುಡ್ಡು ಕೊಡುವ ಮನಸ್ಸಿರಲಿಲ್ಲ. ಹಾಗಾಗಿ ಹೆಸರು, ವರ್ಷ, ಶೀರ್ಷಿಕೆಯಂಥ ವಿವರ ಮಾತ್ರ ಸಿಂಕ್ ಆಗುವಂತೆ ಇಟ್ಟು, ಪಿಡಿಎಫ್‌ಗಳನ್ನು ನನ್ನ ಡಿಸ್ಕಿನಲ್ಲೇ ಇಟ್ಟುಕೊಂಡೆ. ಆರು ವರ್ಷದಲ್ಲಿ ಒಂದು ಪೈಸೆ ಕೊಟ್ಟಿಲ್ಲ.

ದಿನಾ ಖುಷಿ ಕೊಡುವುದು ಬ್ರೌಸರಿನ ಮೂಲೆಯಲ್ಲಿರುವ ಜೊಟೆರೊದ ಪುಟ್ಟ ಗುಂಡಿ. ಲೇಖನದ ಪುಟ ತೆರೆದರೆ ಅದು ಹಾಳೆಯ ಚಿತ್ರವಾಗುತ್ತದೆ. ಪುಸ್ತಕದ ಪುಟಕ್ಕೆ ಹೋದರೆ ಪುಸ್ತಕವಾಗುತ್ತದೆ. ಹುಡುಕಾಟದ ಪಟ್ಟಿ ಇದ್ದರೆ ಫೋಲ್ಡರ್ ಆಗುತ್ತದೆ. ಒತ್ತಿದರೆ ಸಾಕು, ಒಳಗೆ ಹೋಗಿ ಬಿದ್ದಿತು. ರಾತ್ರಿ ಮಲಗುವ ಮುಂಚೆ ಅವತ್ತು ಬಂದ ಲೇಖನಗಳನ್ನು ಒಂದೊಂದಾಗಿ ಫೋಲ್ಡರಿಗೆ ಎಳೆದು ಹಾಕುವುದು ನನ್ನ ಅಭ್ಯಾಸ. ಓದಿರುವುದಿಲ್ಲ, ಸುಮ್ನೆ ಜೋಡಿಸುತ್ತೇನೆ. ಅರ್ಧ ಓದಿದಷ್ಟೇ ಸಮಾಧಾನ ಸಿಗುತ್ತದೆ.

ಇದಕ್ಕೆ ನಾನು ಪೂರ್ತಿ ಸೋತಿದ್ದು ಮೊದಲ ಪೇಪರ್ ತಿರಸ್ಕೃತವಾದ ದಿನ. ಆ ಜರ್ನಲ್‌ಗೆ ಎಪಿಎ ಶೈಲಿ ಬೇಕಿತ್ತು, ಅಂದರೆ ವಾಕ್ಯದ ಕೊನೆಗೆ ಕಂಸದಲ್ಲಿ ಲೇಖಕರ ಹೆಸರು ಮತ್ತು ವರ್ಷ. ಮುಂದಿನ ಜರ್ನಲ್ ಕೇಳಿದ್ದು ವ್ಯಾಂಕೂವರ್ ಶೈಲಿ, ಬರೀ ಅಂಕಿ. ಒಟ್ಟು 84 ಉಲ್ಲೇಖಗಳು. ಶೈಲಿ ಬದಲಿಸಿ ಸರಿ ಅಂತ ಒತ್ತಿದೆ. ಹೆಸರುಗಳೆಲ್ಲ ಅಂಕಿಗಳಾದವು. ಅಕಾರಾದಿಯಲ್ಲಿದ್ದ ಪಟ್ಟಿ, ಲೇಖನದಲ್ಲಿ ಯಾವುದು ಮೊದಲು ಬಂತೋ ಆ ಕ್ರಮಕ್ಕೆ ತಾನಾಗಿಯೇ ಕೂತಿತು. ಒಂದು ಪ್ಯಾರಾ ಕತ್ತರಿಸಿ ಮೇಲೆ ಅಂಟಿಸಿ ನೋಡಿದೆ, ಅಂಕಿಗಳು ಮತ್ತೆ ಸರಿಹೋದವು. ತಿರಸ್ಕಾರದ ನೋವು ಅರ್ಧ ಇಳಿಯಿತು.

ಅಲ್ಲಿಂದ ನನಗೆ ಅತಿ ನಂಬಿಕೆ ಬಂತು. ಅದೇ ತಪ್ಪಾಯಿತು.

ಆ ‘ಆರ್ಗನೈಸೇಶನ್’ ಅನ್ನು ವರ್ಡ್ ಫೈಲಿನಲ್ಲೇ ಕೈಯಾರೆ ತಿದ್ದಿದೆ. ಮರುದಿನ ಹೊಸದೊಂದು ಉಲ್ಲೇಖ ಸೇರಿಸುತ್ತಿದ್ದಂತೆ ಅದು ಮತ್ತೆ ಹಳೇ ಜಾಗದಲ್ಲಿ! ಮತ್ತೆ ತಿದ್ದಿದೆ. ಮತ್ತೆ ಬಂತು. ಬೇತಾಳ ಮರಳಿ ಮರ ಹತ್ತಿದ ಹಾಗೆ. ಮೂರನೇ ಸಲಕ್ಕೆ ತಲೆಗೆ ಹೋಯಿತು: ವರ್ಡ್‌ನಲ್ಲಿ ಕಾಣುವುದು ಬರೀ ನೆರಳು. ಪ್ರತಿ ಸಲ ರಿಫ್ರೆಶ್ ಆದಾಗ ಆ ಪಟ್ಟಿ ಜೊಟೆರೊ ಒಳಗಿನ ಸಂಗ್ರಹದಿಂದ, ಅಂದರೆ ಲೈಬ್ರರಿಯಿಂದ, ಹೊಸದಾಗಿ ಹುಟ್ಟುತ್ತದೆ. ತಿದ್ದಬೇಕಾದದ್ದು ಲೈಬ್ರರಿಯಲ್ಲಿ. ಲೇಖಕರ ಹೆಸರಿಗೆ ಅಲ್ಲಿ ಎರಡು ಖಾನೆ ಇರುತ್ತವೆ, ಅಡ್ಡಹೆಸರಿಗೊಂದು, ಮೊದಲ ಹೆಸರಿಗೊಂದು. ಸಂಸ್ಥೆಯಾದರೆ ಅದನ್ನು ಒಂದೇ ಖಾನೆಗೆ ಬದಲಿಸಬೇಕು. ಬದಲಿಸುವ ಆಯ್ಕೆ ಹೆಸರಿನ ಪಕ್ಕದಲ್ಲೇ ಇತ್ತು. ನಾನು ಕಣ್ಣೆತ್ತಿ ನೋಡಿರಲಿಲ್ಲ. ವಿವರ ಕಳಿಸಿದ ಜಾಲತಾಣವೇ ಸಂಸ್ಥೆಯ ಹೆಸರನ್ನು ಮನುಷ್ಯರ ಹೆಸರಿನಂತೆ ಸೀಳಿ ಕೊಟ್ಟಿತ್ತು. ಜೊಟೆರೊ ಕೊಟ್ಟದ್ದನ್ನು ಇಟ್ಟುಕೊಂಡಿತ್ತು, ಅಷ್ಟೇ.

ಅವತ್ತಿನಿಂದ ನನಗೆ ಅನುಮಾನದ ಕಾಯಿಲೆ. ಹಳೆಯ ನಮೂದುಗಳನ್ನೆಲ್ಲ ತೆರೆದು ನೋಡಿದೆ. ಕೆಲವಕ್ಕೆ ವರ್ಷವೇ ಇರಲಿಲ್ಲ. ಒಂದೇ ಲೇಖನ ಎರಡು ಸಲ ಬಂದು, ಕಂಸದಲ್ಲಿ 2017ಎ, 2017ಬಿ ಅಂತ ಅವಳಿ ಮಕ್ಕಳಾಗಿದ್ದವು. ಎಲ್ಲಕ್ಕಿಂತ ಕಾಟ ಕೊಟ್ಟಿದ್ದು ಇಂಗ್ಲಿಷಿನ ದೊಡ್ಡಕ್ಷರ. ಎಪಿಎ ಪಟ್ಟಿಯಲ್ಲಿ ಲೇಖನದ ಶೀರ್ಷಿಕೆ ಮಾಮೂಲಿ ವಾಕ್ಯದಂತಿರಬೇಕು: ಮೊದಲ ಪದಕ್ಕೆ, ಕೋಲನ್ ಆದ ಮೇಲಿನ ಪದಕ್ಕೆ ಮತ್ತು ಅಂಕಿತನಾಮಕ್ಕೆ ಮಾತ್ರ ದೊಡ್ಡಕ್ಷರ. ಜಾಲತಾಣಗಳು ಕಳಿಸುವುದು ಒಂದೊಂದು ಪದಕ್ಕೂ ದೊಡ್ಡಕ್ಷರ, ಇಲ್ಲವೇ ಇಡೀ ಶೀರ್ಷಿಕೆಯೇ ದೊಡ್ಡಕ್ಷರದಲ್ಲಿ, ಕೂಗಿದ ಹಾಗೆ. ಶೀರ್ಷಿಕೆ ಮೇಲೆ ರೈಟ್ ಕ್ಲಿಕ್ ಮಾಡಿ ಸೆಂಟೆನ್ಸ್ ಕೇಸ್‌ಗೆ ಬದಲಿಸಬಹುದು. ಆದರೆ ಕೂಗುವ ಶೀರ್ಷಿಕೆಯಲ್ಲಿ ಡಾರ್ವಿನ್ ಇದ್ದರೆ ಅವನೂ ಸಣ್ಣಕ್ಷರಕ್ಕೆ ಇಳಿದುಬಿಡುತ್ತಾನೆ. ಅವನನ್ನು ಮತ್ತೆ ಕೈಹಿಡಿದು ಎತ್ತಬೇಕು. ದೊಡ್ಡದು ಸಣ್ಣದು ಅನ್ನುವ ಭೇದವೇ ಇಲ್ಲದ ಕನ್ನಡ ಲಿಪಿಯ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ.

ಬಿಟ್ಟು ಎಲ್ಲವನ್ನೂ ಕೈಯಲ್ಲೇ ಟೈಪ್ ಮಾಡೋಣ ಅಂತಲೂ ಅನ್ನಿಸಿತ್ತು. ಆಗ ನೆನಪಾಗಿದ್ದು ಎಪಿಎ ಏಳನೇ ಆವೃತ್ತಿ. ಅದು ಬಂದಿದ್ದು 2019ರಲ್ಲಿ. ಪುಸ್ತಕದ ನಮೂದಿನಲ್ಲಿ ಪ್ರಕಾಶಕರ ಊರು ಬೇಡವೆಂದರು. ಹಿಂದೆ ಏಳು ಲೇಖಕರವರೆಗೆ ಹೆಸರು ಬರೆಯುತ್ತಿದ್ದವರು ಇನ್ನು 20ರವರೆಗೆ ಬರೆಯಿರಿ ಎಂದರು. ನನ್ನ ಇಡೀ ಪಟ್ಟಿ ಆರನೇ ಆವೃತ್ತಿಯಲ್ಲಿತ್ತು. ಕೈಯಲ್ಲಿ ಬರೆದಿದ್ದರೆ ಒಂದು ವಾರ ಹೋಗುತ್ತಿತ್ತು. ಶೈಲಿ ಬದಲಿಸಿದೆ, ಒಂದು ನಿಮಿಷವೂ ಹಿಡಿಯಲಿಲ್ಲ. ಮುನಿಸು ಅಲ್ಲಿಗೆ ಮೆತ್ತಗಾಯಿತು.

ಈಗ ನನ್ನ ರಾತ್ರಿಯ ಜೋಡಣೆ ಸ್ವಲ್ಪ ಬದಲಾಗಿದೆ. ಫೋಲ್ಡರಿಗೆ ಎಳೆಯುವ ಮುಂಚೆ ಹೆಸರು, ವರ್ಷ, ಶೀರ್ಷಿಕೆ, ಡಿಓಐ (ಲೇಖನದ ಶಾಶ್ವತ ಗುರುತು ಸಂಖ್ಯೆ) ನಾಲ್ಕನ್ನೂ ನೋಡುತ್ತೇನೆ. ಒಂದಕ್ಕೆ ಅರ್ಧ ನಿಮಿಷ ಸಾಕು. ಪ್ರಬಂಧ ನೂರು ಪುಟ ದಾಟಿದ ಮೇಲೆ ಪ್ರತಿ ಉಲ್ಲೇಖಕ್ಕೂ ವರ್ಡ್ ತಡವರಿಸುತ್ತಿತ್ತು. ಡಾಕ್ಯುಮೆಂಟ್ ಸೆಟ್ಟಿಂಗ್‌ನಲ್ಲಿ ಉಲ್ಲೇಖಗಳು ತಾವಾಗಿಯೇ ಅಪ್‌ಡೇಟ್ ಆಗುವುದನ್ನು ಆಫ್ ಮಾಡಿದೆ. ಆಮೇಲೆ ಸರಾಗ.

ಇನ್ನೊಂದು ಮಾತು. ಕೊನೆಗೆ ಕಳಿಸುವಾಗ ಕೆಲವರು ‘ಅನ್‌ಲಿಂಕ್ ಸೈಟೇಶನ್ಸ್’ ಒತ್ತಲು ಹೇಳುತ್ತಾರೆ. ಒತ್ತಿದರೆ ಎಲ್ಲವೂ ಮಾಮೂಲಿ ಅಕ್ಷರಗಳಾಗಿ, ಜೊಟೆರೊ ಜೊತೆಗಿನ ನಂಟು ಕಡಿದುಹೋಗುತ್ತದೆ. ಮೊದಲು ಫೈಲಿನ ಇನ್ನೊಂದು ಕಾಪಿ ಮಾಡಿ, ಆ ಕಾಪಿಯಲ್ಲಿ ಒತ್ತಿ. ನಾನು ಮೂಲ ಫೈಲಿನಲ್ಲೇ ಒತ್ತಿ ಸೇವ್ ಮಾಡಿ ಮುಚ್ಚಿದ್ದೆ. ಪರೀಕ್ಷಕರು ಎರಡು ಹೊಸ ಉಲ್ಲೇಖ ಸೇರಿಸಲು ಹೇಳಿದ್ದು ಅದಾದ ಮೇಲೆ.

ಐದಕ್ಕೆ ನಾಲ್ಕೂವರೆ. ಉಳಿದ ಅರ್ಧ ಕಳೆದಿದ್ದು ನಾನೇ, ಆದರೂ ಕೊಡುವುದಿಲ್ಲ.