ಹುಬ್ಬಳ್ಳಿ ಅಂಗಡಿಗೂ ಧಾರವಾಡ ಗೋದಾಮಿಗೂ ಒಂದೇ ಲ್ಯಾನ್: ಎರಡು ಮೈಕ್ರೋಟಿಕ್ ಹೆಕ್ಸ್, ಮೂರು ವರ್ಷದ ಬಳಕೆ

ಹೆಕ್ಸ್ ಅಂದರೆ ಮೈಕ್ರೋಟಿಕ್ ಕಂಪನಿಯ ಚಿಕ್ಕ ರೂಟರ್, ಮಾಡೆಲ್ ಆರ್‌ಬಿ750ಜಿಆರ್3. ಹುಬ್ಬಳ್ಳಿಯ ನಮ್ಮ ಬಿಡಿಭಾಗದ ಅಂಗಡಿಯಲ್ಲಿ ಒಂದು, ಧಾರವಾಡದ ಗೋದಾಮಿನಲ್ಲಿ ಇನ್ನೊಂದು. ಮೂರು ವರ್ಷದಿಂದ ಹಗಲೂ ರಾತ್ರಿ ಓಡುತ್ತಿವೆ. ನಮ್ಮ ಹಳೇ ಸ್ಟಾಕ್ ಸಾಫ್ಟ್‌ವೇರ್ ತನ್ನ ಸರ್ವರನ್ನು ಬ್ರಾಡ್‌ಕಾಸ್ಟ್ ಮಾಡಿಯೇ (ನೆಟ್‌ವರ್ಕಿನ ಎಲ್ಲರಿಗೂ ಕೂಗಿ ಕೇಳಿ) ಹುಡುಕುತ್ತದೆ, ಐಪಿ ವಿಳಾಸ ಬರೆಯೋಕೆ ಅದರಲ್ಲಿ ಜಾಗವೇ ಇಲ್ಲ. ಬ್ರಾಡ್‌ಕಾಸ್ಟ್ ರೂಟರ್ ದಾಟಲ್ಲ ಅಲ್ವಾ, ಹಾಗಾಗಿ ಬ್ರಿಡ್ಜ್, ಅಂದರೆ ಎರಡೂ ಕಡೆಯದನ್ನು ಸೇರಿಸಿ ಒಂದೇ ಲ್ಯಾನ್ (ಒಳ ನೆಟ್‌ವರ್ಕ್), ಮಾಡಲೇಬೇಕಾಯಿತು.

ಇದಕ್ಕೆ ಮೈಕ್ರೋಟಿಕ್‌ನಲ್ಲಿ ಇಒಐಪಿ ಟನಲ್ ಇದೆ, ಅಂದರೆ ಇಂಟರ್‌ನೆಟ್ ಮೇಲೆ ಲ್ಯಾನ್ ಕೇಬಲ್ ಎಳೆದ ಹಾಗೆ. ಎರಡೂ ಕಡೆ ಒಂದೇ ಟನಲ್ ಐಡಿ ಕೊಟ್ಟು, ಆ ಇಂಟರ್‌ಫೇಸನ್ನು ಬ್ರಿಡ್ಜ್‌ಗೆ ಸೇರಿಸಿದರೆ ಆಯಿತು. ಆದರೆ ಇದು ಅವರದ್ದೇ ಪ್ರೋಟೋಕಾಲ್, ಎರಡೂ ತುದಿಯಲ್ಲಿ ಮೈಕ್ರೋಟಿಕ್ಕೇ ಇರಬೇಕು ಅಂದುಕೊಂಡೇ ತಗೊಳ್ಳಿ. ಧಾರವಾಡದ ಫೈಬರ್‌ಗೆ ಪಬ್ಲಿಕ್ ಐಪಿ ಸಿಗಲಿಲ್ಲ, ಸಿಜಿನ್ಯಾಟ್ (ಹಲವು ಗ್ರಾಹಕರಿಗೆ ಒಂದೇ ಪಬ್ಲಿಕ್ ಐಪಿ ಹಂಚುವ ವ್ಯವಸ್ಥೆ) ಹಿಂದಿನಿಂದ ಇಒಐಪಿ ನೇರವಾಗಿ ಏಳಲಿಲ್ಲ. ಹುಬ್ಬಳ್ಳಿಗೆ ಸ್ಟ್ಯಾಟಿಕ್ ಐಪಿ ತಗೊಂಡೆ. ಧಾರವಾಡದಿಂದ ಅಲ್ಲಿಗೆ ವೈರ್‌ಗಾರ್ಡ್ ಅನ್ನೋ ವಿಪಿಎನ್ ಹಾಕಿ, ಸಂಪರ್ಕ ಬೀಳದಿರಲಿ ಅಂತ 25 ಸೆಕೆಂಡಿನ ಕೀಪ್‌ಅಲೈವ್ ಕೊಟ್ಟು, ಅದರೊಳಗೆ ಇಒಐಪಿ ಓಡಿಸಿದೆ. ಡೇಟಾ ಎನ್‌ಕ್ರಿಪ್ಟ್ ಕೂಡ ಆಯಿತು.

ಎರಡು ದಿನ ತಿಂದಿದ್ದು ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನಲ್ಲಿ ಹೋಗಬಹುದಾದ ಗರಿಷ್ಠ ಬೈಟ್. ವೈರ್‌ಗಾರ್ಡ್ 1420, ಅದರಲ್ಲಿ ಇಒಐಪಿಗೆ 42 ಬೈಟ್ ಹೋದರೆ ಉಳಿಯೋದು 1378, ಬ್ರಿಡ್ಜ್ ಕೂಡ ತಾನಾಗಿಯೇ ಅಷ್ಟಕ್ಕೇ ಇಳಿದಿತ್ತು. ಪಿಂಗ್ ಚೆನ್ನಾಗಿ ಹೋಗುತ್ತಿತ್ತು, ದೊಡ್ಡ ಫೈಲ್ ಮಾತ್ರ ಅರ್ಧಕ್ಕೇ ನಿಲ್ಲುತ್ತಿತ್ತು. ಇಒಐಪಿ ಎಂಟಿಯು ಕೈಯಾರೆ 1500 ಮಾಡಿದ ಮೇಲೆ ಸರಿಹೋಯಿತು. ಈಗ ದೊಡ್ಡ ಪ್ಯಾಕೆಟ್‌ಗಳು ತುಂಡುತುಂಡಾಗಿ ಸಾಗುತ್ತವೆ, ವೇಗ ಸ್ವಲ್ಪ ಕಡಿಮೆ, ನಮ್ಮ ಕೆಲಸಕ್ಕೆ ಸಾಕು.

ಆಮೇಲೆ ಒಂದು ಸೋಮವಾರ ಬೆಳಿಗ್ಗೆ ಗೋದಾಮಿನ ಹುಡುಗ ಫೋನ್ ಮಾಡಿದ, “ಸರ, ನೆಟ್ ಭಾಳ ಸ್ಲೋ ಆಗೇದ್ರಿ.” ಹೋಗಿ ಐಪಿಕಾನ್ಫಿಗ್ ಹೊಡೆದು ನೋಡಿದರೆ ಗೇಟ್‌ವೇ (ಇಂಟರ್‌ನೆಟ್‌ಗೆ ಹೋಗುವ ಬಾಗಿಲು) 192.168.10.1, ಅಂದರೆ ಹುಬ್ಬಳ್ಳಿಯದು! ಕಂಪ್ಯೂಟರ್‌ಗಳಿಗೆ ಐಪಿ, ಗೇಟ್‌ವೇ ಹಂಚುವ ಡಿಎಚ್‌ಸಿಪಿಯೂ ಬ್ರಾಡ್‌ಕಾಸ್ಟೇ, ಅಲ್ಲಿನ ಸರ್ವರ್ ಮೊದಲು ಉತ್ತರ ಕೊಟ್ಟಿದೆ, ಧಾರವಾಡದ ಕಂಪ್ಯೂಟರ್‌ಗಳ ಇಂಟರ್‌ನೆಟ್ ಎಲ್ಲ ಹುಬ್ಬಳ್ಳಿ ಸುತ್ತಿ ಬರುತ್ತಿತ್ತು. ಎರಡೂ ಕಡೆ ಬ್ರಿಡ್ಜ್ ಫಿಲ್ಟರ್‌ನಲ್ಲಿ, ಇಒಐಪಿ ಮೇಲೆ ಹೋಗುವ ಬರುವ ಡಿಎಚ್‌ಸಿಪಿಯ ಯುಡಿಪಿ 67, 68 ಪೋರ್ಟ್ ತಡೆದೆ. ಐಪಿ ಹಂಚಿಕೆ ಹುಬ್ಬಳ್ಳಿಗೆ .10ರಿಂದ .99, ಧಾರವಾಡಕ್ಕೆ .100ರಿಂದ .199, ಗೇಟ್‌ವೇ ಬೇರೆ ಬೇರೆ. ಅವತ್ತಿನಿಂದ ಆ ದೂರು ಬಂದಿಲ್ಲ. ಬ್ರಿಡ್ಜ್ ಮಾಡುವವರು ಈ ಫಿಲ್ಟರನ್ನು ಮೊದಲ ದಿನವೇ ಹಾಕಿಬಿಡಿ.

ನನಗೆ ತುಂಬಾ ಹಿಡಿಸಿದ್ದು ಇದರ ಪವರ್. ಜತೆಗೆ ಬರೋದು 24 ವೋಲ್ಟ್ ಅಡಾಪ್ಟರ್, ಆದರೆ 8ರಿಂದ 30 ವೋಲ್ಟ್‌ವರೆಗೆ ಏನು ಕೊಟ್ಟರೂ ಓಡುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಒಂದು 12 ವೋಲ್ಟ್ ಮಿನಿ ಯುಪಿಎಸ್ ಮೇಲೆ ಟನಲ್ ಬೀಳದೆ ನಿಂತಿದೆ.

ಸುಮ್ನೆ ಫೈಲ್, ಪ್ರಿಂಟರ್ ಹಂಚಿಕೊಳ್ಳೋಕೆ ಅಂತ ಬ್ರಿಡ್ಜ್ ಮಾಡಬೇಡಿ, ಅದಕ್ಕೆ ರೂಟಿಂಗೇ (ಎರಡು ಬೇರೆ ನೆಟ್‌ವರ್ಕ್ ಇಟ್ಟು ರೂಟರ್ ಮೂಲಕ ಜೋಡಿಸೋದು) ಒಳ್ಳೆಯದು. ಬ್ರಿಡ್ಜ್ ಮಾಡಿದರೆ ಅಲ್ಲಿನ ಗಲಾಟೆ ಎಲ್ಲ ಇಲ್ಲಿಗೂ ಬರುತ್ತದೆ. ನಮ್ಮ ಸ್ಟಾಕ್ ಸಾಫ್ಟ್‌ವೇರ್ ಬದಲಾದ ದಿನ ನಾನೂ ಇಒಐಪಿ ತೆಗೆದು ಬರೀ ವೈರ್‌ಗಾರ್ಡ್ ಇಟ್ಟುಕೊಳ್ಳುತ್ತೇನೆ, ಅದಕ್ಕೂ ಇವೇ ಎರಡು ಹೆಕ್ಸ್ ಸಾಕು.